ಎಳನೀರಿನ ಉಪಚಾರ

ಒಂದೇ ಗುಟುಕು ಕುಡಿದ ನನ್ನ ಅತ್ತೆ ಥೂ ಎಂದು ಸಿಂಕಿಗೆ ಉಗುಳಿದರು. "ಇದೆಂಥಾ ನೀರವಾ? ಬರೇ ಉಪ್ಪು ಅದ!"

ನೀರು ತಂದವಳು ನನ್ನ ಐದು ವರ್ಷದ ಮಗಳು. ಯಜಮಾನರಿಗೆ ಕುಂದಾಪುರದ ಕಡೆ ವರ್ಗವಾಗಿತ್ತು. ಸಮುದ್ರದ ಪಕ್ಕದಲ್ಲೊಂದು ಬಾಡಿಗೆ ಮನೆ ನೋಡಿ, ಒಪ್ಪಿ, ಆ ಬೆಳಿಗ್ಗೆಯಷ್ಟೇ ಪುಣೆಗೆ ಮರಳಿದ್ದೆವು. ಅಂಗಳದಲ್ಲಿ ಕೈಗೆಟುಕುವಷ್ಟು ತುಂಬಿದ ಬಾವಿ. ಅಜ್ಜಿಗೆ ತೋರಿಸಬೇಕೆಂದು ಮಗಳು ಹೊರಡುವಾಗ ಅಲ್ಲಿದ್ದ ಬಕೆಟ್ಟಿನ ನೀರನ್ನು ತನ್ನ ಶಾಲೆಯ ಬಾಟಲಿಗೆ ತುಂಬಿಕೊಂಡಿದ್ದಳು.

ಮನೆ ತೋರಿಸಿದ ಬ್ರೋಕರ್‌ಗೆ ಫೋನ್ ಮಾಡಿ ಕೂಗಾಡಿದೆ. "ಅಲ್ಲಿ ಎಲ್ಲರೂ ಕುಡಿಲಿಕ್ಕೆ ಕ್ಯಾನ್ ನೀರು ತರಿಸುದು ಮಾರಾಯ್ರೆ. ನೀವು ಕೇಳ್ಲೇ ಇಲ್ಲ ಅಲ್ದಾ?" ಎಂದು ನಕ್ಕ.

ಕೇಳಲಿಲ್ಲ, ನಿಜ. ನಮ್ಮದು ವಿಜಯಪುರದ ಕಡೆ. ಪುಣೆಯ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಗೂ ಟ್ಯಾಂಕರ್ ಬಂದರಷ್ಟೇ ನೀರು. ಶಾಲೆ, ಆಸ್ಪತ್ರೆ ಎಷ್ಟು ದೂರವೆಂದು ಹತ್ತು ಸಲ ಕೇಳಿದ ನಾವು, ತುಂಬಿದ ಬಾವಿ ಕಂಡದ್ದೇ ಕೈ ಮುಗಿದೆವು. ಅದನ್ನು ನೋಡಿಯೂ ಆತ ಸುಮ್ಮನಿದ್ದ. ಬಿಸಿಲಲ್ಲಿ ಬಳಲಿದ ಮಗಳು ನೀರು ಕೇಳಿದಾಗ ಬಾವಿ ಎರಡೇ ಹೆಜ್ಜೆ ದೂರದಲ್ಲಿತ್ತು. ಆದರೂ ಆತ ಓಡಿಹೋಗಿ ಎಳನೀರು ತಂದುಕೊಟ್ಟ. ಎಂಥ ಒಳ್ಳೆಯ ಮನುಷ್ಯ ಎಂದು ದಾರಿಯುದ್ದಕ್ಕೂ ಹೊಗಳಿಕೊಂಡು ಬಂದಿದ್ದೆವು!

ಮನೆ ಬೇಡವೆಂದು ಅಂದೇ ಹೇಳಿದೆವು. ಬಾವಿಯ ಮೇಲೆ ನನಗೆ ಸಿಟ್ಟಿಲ್ಲ, ಸಮುದ್ರದ ಪಕ್ಕದ ಬಾವಿ ಉಪ್ಪಾಗುವುದು ಸಹಜ. ಆದರೆ ಆ ಎಳನೀರಿನ ಸಿಹಿ ನೆನಪಾದರೆ ಇವತ್ತಿಗೂ ಮೈ ಉರಿಯುತ್ತದೆ.