ಹತ್ತನೇ ಪಾಠದ ಟೀಚರ್

ನಮ್ಮ ಚಿಕ್ಕಮ್ಮ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದಳು. ಅಮ್ಮನ ತಂಗಿ. ಮದುವೆಯಾಗಲಿಲ್ಲ, ಅಜ್ಜಿಯೊಂದಿಗೆ ನಮ್ಮ ಮನೆಯಲ್ಲೇ ಇದ್ದಳು. ಅವಳ ಹೆಸರು ಹಿಡಿದು ಕೇಳಿದರೆ ಊರಿನಲ್ಲಿ ಯಾರಿಗೂ ಗುರುತು ಸಿಗುತ್ತಿರಲಿಲ್ಲ. ‘ಹತ್ತನೇ ಪಾಠದ ಟೀಚರ್’ ಎಂದರೆ ಮಾತ್ರ ಮೂಲೆಯಂಗಡಿಯವನೂ ನೇರವಾಗಿ ನಮ್ಮ ಬಾಗಿಲು ತೋರಿಸುತ್ತಿದ್ದ, ಸ್ವಲ್ಪ ನಗುತ್ತಲೇ.

ಹತ್ತನೇ ಪಾಠವೆಂದರೆ ಮನುಷ್ಯರಲ್ಲಿ ಸಂತಾನೋತ್ಪತ್ತಿ. ಒಂಬತ್ತನೆಯದಾದ ಉಸಿರಾಟದಿಂದ ಹನ್ನೊಂದನೆಯದಾದ ಮಣ್ಣಿನ ಸವಕಳಿಗೆ ಎಲ್ಲ ಶಾಲೆಗಳೂ ಒಂದೇ ನೆಗೆತಕ್ಕೆ ಹಾರುತ್ತಿದ್ದ ಕಾಲ ಅದು. ‘ಇದನ್ನು ಮನೆಯಲ್ಲಿ ಓದಿಕೊಳ್ಳಿ’ ಎಂದರೆ ಮುಗಿಯಿತು. ಚಿಕ್ಕಮ್ಮನ ಶಾಲೆಯಲ್ಲಂತೂ ಹೊಸ ಪುಸ್ತಕಗಳು ಬಂದೊಡನೆ ಆ ಪುಟಗಳಿಗೆ ಪಿನ್ನು ಹೊಡೆದು ಹಂಚುತ್ತಿದ್ದರು. ಮಕ್ಕಳು ಮೊದಲು ಬಿಚ್ಚುತ್ತಿದ್ದದ್ದೂ ಆ ಪಿನ್ನನ್ನೇ.

ಅವಳಿಗೆ ಈ ಪಾಠದ ಗೀಳು ಹತ್ತಿಸಿದವರು ಡ್ರಿಲ್ ಮೇಷ್ಟ್ರು. ದಪ್ಪ ಮೀಸೆ, ಗಡಸು ದನಿ. ಅವರು ಸೀಟಿ ಊದಿದರೆ ರಸ್ತೆಯಲ್ಲಿ ಹೋಗುವವರೂ ನಿಲ್ಲುತ್ತಿದ್ದರಂತೆ. ಒಂದು ಮಧ್ಯಾಹ್ನ ಅವರು ಪ್ರಯೋಗಾಲಯದ ಬಾಗಿಲಲ್ಲಿ ಸೀಟಿಯ ದಾರ ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತರು.

“ಟೀಚರೇ, ಒಂದು ಮಾತಿತ್ತು. ಓಟದಲ್ಲಿ ಫಸ್ಟ್ ಬರ್ತಾನಲ್ಲ, ಆ ಉದ್ದನೆ ಹುಡುಗ... ಇನ್ಮೇಲೆ ಆಟಕ್ಕೆ ಬರಲ್ಲ ಅಂತಾನೆ. ಏನೋ ರೋಗ ಬಂದಿದೆಯಂತೆ ಅವನಿಗೆ.”

“ಏನು ರೋಗ?”

ಮೇಷ್ಟ್ರು ಗೋಡೆ ನೋಡಿದರು. “ಬಸ್ ಸ್ಟ್ಯಾಂಡ್ ಹತ್ರ ಔಷಧಿ ಬಾಟಲಿ ಜೋಡಿಸ್ಕೊಂಡು ಒಬ್ಬ ಕೂರ್ತಾನಲ್ಲ, ಅವನು ಹೇಳಿದ್ನಂತೆ. ನಿದ್ದೇಲಿ ಬಟ್ಟೆ ಒದ್ದೆಯಾದ್ರೆ ಶಕ್ತಿಯೆಲ್ಲ ಸೋರಿಹೋಗಿ ಬೇಗ ಮುದುಕ ಆಗ್ತೀಯ ಅಂತ.”

“ನೀವೇನು ಹೇಳಿದ್ರಿ ಅವನಿಗೆ?”

“ಏನ್ ಹೇಳ್ಲಿ? ಮೈದಾನ ನಾಲ್ಕು ಸುತ್ತು ಓಡು ಅಂದೆ.”

ಚಿಕ್ಕಮ್ಮನಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ನಿಧಾನವಾಗಿ ಹೇಳಿದಳು: ಅದು ರೋಗವಲ್ಲ, ಹುಡುಗ ಬೆಳೆಯುತ್ತಿರುವುದರ ಗುರುತು, ಅದರಿಂದ ಯಾವ ಶಕ್ತಿಯೂ ಹೋಗುವುದಿಲ್ಲ. ಮೇಷ್ಟ್ರು ಮೆಲ್ಲಗೆ ಬೆಂಚಿನ ಮೇಲೆ ಕೂತರು.

“ಹಾಗಾದ್ರೆ ನಾನು ಇಷ್ಟು ವರ್ಷ ಸುಮ್ಸುಮ್ನೆ ಹೆದರ್ಕೊಂಡಿದ್ನಾ?”

ಅಂದಿನಿಂದ ಅವರೇ ಚಿಕ್ಕಮ್ಮನ ಮೊದಲ ವಿದ್ಯಾರ್ಥಿ. ಸಂಜೆ ಶಾಲೆ ಬಿಟ್ಟ ಮೇಲೆ ಹೆಂಡತಿಯನ್ನೂ ಕರೆದುಕೊಂಡು ನಮ್ಮ ಮನೆಗೆ ಬರುತ್ತಿದ್ದರು. ಚಿಕ್ಕಮ್ಮ ಜೇಡಿಮಣ್ಣಿನಲ್ಲಿ ಮಾದರಿಗಳನ್ನು ಮಾಡಿ, ಬಣ್ಣ ಬಳಿದು ಊಟದ ಮೇಜಿನ ಮೇಲೆ ಇಟ್ಟಿದ್ದಳು. ನನಗಾಗ ಆರೋ ಏಳೋ ವಯಸ್ಸು. ಆ ಮೇಜು, ಮೇಷ್ಟ್ರು ಗಳಿಗೆಗೊಮ್ಮೆ ಹಣೆ ಒರೆಸಿಕೊಳ್ಳುವುದು, ಅವರ ಹೆಂಡತಿ ಸೆರಗು ಬಾಯಿಗೊತ್ತಿಕೊಂಡು ನಗುವುದು, ಎಲ್ಲ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಬಾಗಿಲು ಬಡಿದ ಸದ್ದಾದರೆ ಸಾಕು, ಅಜ್ಜಿ ಎಲ್ಲಿದ್ದರೂ ಓಡಿಬಂದು ಮಾದರಿಗಳ ಮೇಲೆ ಟವೆಲು ಹೊದಿಸುತ್ತಿದ್ದಳು.

“ಬಂದವರು ಏನಂದ್ಕೊಂಡಾರೇ? ಮದುವೆಯಾಗದ ಹೆಣ್ಣು ಗರ್ಭಕೋಶ ಮುಂದಿಟ್ಕೊಂಡು ಕೂತಿದಾಳೆ ಅಂತಾರೆ!”

“ಅನ್ಲಿ ಬಿಡಮ್ಮ. ನಿಜ ತಾನೇ?”

ಒಂದು ಸಂಜೆ ಮಾತ್ರ ಅಜ್ಜಿ ಟವೆಲು ಹಿಡಿದುಕೊಂಡು ಬಂದವಳು ಹಾಗೇ ನಿಂತಳು. ಕನ್ನಡಕ ಏರಿಸಿ ಬಗ್ಗಿ ನೋಡಿದಳು. “ಇಷ್ಟೇನಾ ಇದು? ಮುಷ್ಟಿಯಷ್ಟು! ಐದು ಹೆತ್ತೆ ನಾನು. ಎಲ್ಲಿದೆ, ಹೇಗಿದೆ ಅಂತ ಇವತ್ತು ಗೊತ್ತಾಯ್ತು ನೋಡು.” ಆಮೇಲೆ ಟವೆಲಿನ ಕಾಟ ಕಡಿಮೆಯಾಯಿತು.

ಮುಂದಿನ ವರ್ಷ ಆ ಶಾಲೆಯ ಪುಸ್ತಕಗಳಿಗೆ ಪಿನ್ನು ಬೀಳಲಿಲ್ಲ. ಹುಡುಗಿಯರಿಗೆ ಚಿಕ್ಕಮ್ಮ, ಹುಡುಗರಿಗೆ ಮೇಷ್ಟ್ರು. ಆಮೇಲೆ ಎರಡೂ ಗುಂಪನ್ನು ಕೂರಿಸಿ ಒಟ್ಟಿಗೆ ಒಂದು ಪಾಠ. ಕೆಲವು ತಂದೆತಾಯಂದಿರು ಕೋಪ ಮಾಡಿಕೊಂಡು ಬಂದರು. ಚಿಕ್ಕಮ್ಮ ವಾದಕ್ಕಿಳಿಯದೆ ಅವರನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿ ಪಾಠ ಕೇಳಿಸಿದಳು. ಹೆಚ್ಚಿನವರು ಪಾಠ ಮುಗಿದೊಡನೆ ಎದ್ದು ಹೋದರು. ಒಬ್ಬ ತಾಯಿ ಮಾತ್ರ ಮರುದಿನವೂ ಬಂದು ಕೂತಿದ್ದಳು.

ನಾನು ಎಂಟನೇ ತರಗತಿಗೆ ಬರುವ ಹೊತ್ತಿಗೆ ಇಲಾಖೆಯವರು ಈ ಪಾಠವನ್ನು ಮರುಪರಿಶೀಲಿಸಲು ಒಂದು ಸಮಿತಿ ಮಾಡಿದರು. ಒಬ್ಬ ನಿವೃತ್ತ ಪ್ರಾಂಶುಪಾಲರು ಅಧ್ಯಕ್ಷರು, ಆಸ್ಪತ್ರೆಯ ಡಾಕ್ಟರಮ್ಮ ಒಬ್ಬರು, ಒಂದಿಬ್ಬರು ಅಧಿಕಾರಿಗಳು, ಮತ್ತೆ ಚಿಕ್ಕಮ್ಮ. ಚಿತ್ರಗಳನ್ನು ತೆಗೆದು, ಪಾಠವನ್ನು ಕೊನೆಯ ತರಗತಿಗೆ ತಳ್ಳಿ, ಪರೀಕ್ಷೆಯಿಂದಲೂ ಬಿಡಬೇಕೆಂದು ಮೊದಲ ಸಭೆಗೆ ಮುಂಚೆಯೇ ಹೆಚ್ಚುಕಡಿಮೆ ತೀರ್ಮಾನವಾಗಿತ್ತು.

“ಮಕ್ಕಳಿಗೆ ಏನು ಬೇಕು ಅಂತ ಮಕ್ಕಳನ್ನ ಯಾರಾದ್ರೂ ಕೇಳಿದೀವಾ ಸಾರ್?” ಎಂದಳು ಚಿಕ್ಕಮ್ಮ.

“ಮಕ್ಕಳನ್ನ ಕೇಳಿ ಪಠ್ಯ ಬರೆಯೋಕಾಗುತ್ತೇನಮ್ಮ? ಕೇಳಿದ್ರೆ ಮೊದಲು ಗಣಿತ ತೆಗೀರಿ ಅಂತಾರೆ” ಎಂದರು ಅಧ್ಯಕ್ಷರು.

ಎಲ್ಲರೂ ನಕ್ಕರು, ಚಿಕ್ಕಮ್ಮನೂ ನಕ್ಕಳು. ಆದರೆ ಡಾಕ್ಟರಮ್ಮ ನಗಲಿಲ್ಲ. “ಕೇಳಿ ನೋಡೋಣ. ಕೇಳಿದ್ರೆ ನಷ್ಟವೇನು?” ಎಂದು ಪಟ್ಟು ಹಿಡಿದರು.

ಹೀಗೆ ಡಾಕ್ಟರಮ್ಮ, ಚಿಕ್ಕಮ್ಮ, ಡ್ರಿಲ್ ಮೇಷ್ಟ್ರು ಬಸ್ಸು ಹತ್ತಿ ಶಾಲೆಯಿಂದ ಶಾಲೆಗೆ ತಿರುಗತೊಡಗಿದರು. ನನ್ನ ದುರದೃಷ್ಟಕ್ಕೆ ನನ್ನ ಶಾಲೆಗೂ ಬಂದರು. ಚಿಕ್ಕಮ್ಮ ತರಗತಿಗೆ ಕಾಲಿಟ್ಟಾಗ ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತ್ತು. ಪುಸ್ತಕದ ಹಿಂದೆ ಮುಖ ಮುಚ್ಚಿಕೊಂಡು ಕೂತೆ. ಅವಳು ನನ್ನ ಗುರುತೇ ಇಲ್ಲದವಳಂತೆ ನಡೆದುಕೊಂಡಳು. ಆ ಉಪಕಾರವನ್ನು ನಾನು ಮರೆತಿಲ್ಲ.

ಈ ಪಾಠ ಬೇಕೇ, ಅದರಲ್ಲಿ ಏನಿರಬೇಕು ಎಂದು ಮೂವರೂ ಕೇಳಿದರು. ಕೊನೆಗೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದಳು.

“ಪಾಠ ಎಲ್ಲಾ ಸರಿ ಮಿಸ್. ಆದ್ರೆ ನಮ್ಮ ಟಾಯ್ಲೆಟ್ಟಿಗೆ ಚಿಲಕ ಇಲ್ಲ, ನೀರಿಲ್ಲ. ಒಬ್ಬಳು ಒಳಗೆ ಹೋದ್ರೆ ಇನ್ನೊಬ್ಬಳು ಬಾಗಿಲು ಹಿಡ್ಕೊಂಡು ನಿಲ್ಬೇಕು. ಅದಕ್ಕೇ ಮುಟ್ಟಾದಾಗ ಅರ್ಧ ಕ್ಲಾಸು ರಜ.”

ಚಿಕ್ಕಮ್ಮ ಅಂದು ಮನೆಗೆ ಬಂದವಳೇ ಚಪ್ಪಲಿ ಬಿಡುವುದನ್ನೂ ಮರೆತು ಕುರ್ಚಿಗೆ ಬಿದ್ದಳು. “ಪಾಠ ಪಾಠ ಅಂತ ಇಷ್ಟು ದಿನ ಬಡ್ಕೊಂಡೆ ಅಕ್ಕಾ. ಚಿಲಕ ಹೊಳೀಲೇ ಇಲ್ಲ ನಂಗೆ” ಎಂದು ಅಮ್ಮನಿಗೆ ಹೇಳಿದಳು.

ಇನ್ನೊಂದು ಶಾಲೆಯಲ್ಲಿ, ಎಲ್ಲರೂ ಹೊರಟ ಮೇಲೆ ಆರನೇ ತರಗತಿಯ ಪುಟ್ಟ ಹುಡುಗಿಯೊಬ್ಬಳು ಬಾಗಿಲ ಬಳಿ ಉಳಿದಳಂತೆ. “ಬೇಡ ಅಂದ್ರೂ ಮುಟ್ಟೋರು ಮನೆಯವರೇ ಆದ್ರೆ ಯಾರಿಗೆ ಹೇಳ್ಬೇಕು ಮಿಸ್?” ಎಂದು ಕೇಳಿದಳಂತೆ. ಆ ದಿನ ಚಿಕ್ಕಮ್ಮ ವಾಪಸು ಬರುವ ಬಸ್ಸು ಹತ್ತಲಿಲ್ಲ. ಅವಳೂ ಡಾಕ್ಟರಮ್ಮನೂ ಮಗುವಿನ ಸೋದರತ್ತೆಯನ್ನು ಹುಡುಕಿ ಕರೆಸಿದರು, ಪೊಲೀಸರ ಹತ್ತಿರವೂ ಹೋದರು. ಮಗು ಅತ್ತೆಯ ಮನೆಯಲ್ಲೇ ಬೆಳೆಯಿತು, ಓದನ್ನು ಬಿಡಲಿಲ್ಲ. ಇದಕ್ಕಿಂತ ಹೆಚ್ಚು ಚಿಕ್ಕಮ್ಮ ನಮಗೆ ಯಾವತ್ತೂ ಹೇಳಲಿಲ್ಲ. ಆ ವಾರವೆಲ್ಲ ಅವಳು ಸರಿಯಾಗಿ ಉಣ್ಣಲಿಲ್ಲವೆಂಬುದು ಮಾತ್ರ ನೆನಪಿದೆ.

ಕೊನೆಯ ಸಭೆಗೆ ಮೇಷ್ಟ್ರನ್ನೂ ಕರೆದಿದ್ದರು. ಅದರ ಕಥೆಯನ್ನು ಅವರು ನಮ್ಮ ಮನೆಯಲ್ಲಿ ಎಷ್ಟೋ ಸಲ ಅಭಿನಯಿಸಿ ತೋರಿಸಿದ್ದಾರೆ. ಮಕ್ಕಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡ ಮೇಲೂ ಅಧ್ಯಕ್ಷರು, “ನಮ್ಮ ಕಾಲದಲ್ಲಿ ಇದೆಲ್ಲ ಯಾರು ಹೇಳ್ಕೊಟ್ರು? ನಾವು ಬದುಕ್ಲಿಲ್ವಾ?” ಎಂದರಂತೆ.

“ನಿಜವಾಗ್ಲೂ ಕೇಳ್ತಿದೀನಿ ಸಾರ್, ನಿಮಗೆ ಯಾರು ಹೇಳಿದ್ರು?” ಎಂದಳಂತೆ ಚಿಕ್ಕಮ್ಮ.

ಅವರು ಪೆನ್ನಿಗೆ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರಂತೆ. “ನಮ್ಮ ಸೋದರಮಾವ” ಎಂದರು. ಮತ್ತೆ, “ಬರೀ ತಪ್ಪೇ ಹೇಳಿದ್ದ ಕಣಮ್ಮ, ಪಾಪಿ” ಎಂದರು. ಮೊದಲು ನಕ್ಕವರು ಅವರೇ. ಆಮೇಲೆ ಇಡೀ ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತಂತೆ.

ಪಾಠ ಉಳಿಯಿತು. ಚಿತ್ರಗಳು ಅಂಚೆಚೀಟಿಯಷ್ಟು ಚಿಕ್ಕವಾದವು. ಆ ಸಿಟ್ಟು ಚಿಕ್ಕಮ್ಮನಿಗೆ ಇನ್ನೂ ಇದೆ. ಆರನೇ ತರಗತಿಗೆ ‘ಯಾರಿಗೆ ಹೇಳಬೇಕು’ ಎಂಬ ಹೊಸ ಪಾಠ ಬಂತು. ಎಲ್ಲ ಶಾಲೆಗಳಿಗೂ ಚಿಲಕ ಮತ್ತು ನೀರು ಎಂದು ಆದೇಶವಾಯಿತು. ನೀರಿಗೆ ಬಹಳ ಕಾಲ ಹಿಡಿಯಿತು. ಚಿಲಕ ತಲುಪದ ಕಡೆ ಮೇಷ್ಟ್ರೇ ರಜೆಯ ದಿನಗಳಲ್ಲಿ ಸ್ಕ್ರೂಡ್ರೈವರ್ ಹಿಡಿದು ಹೋಗುತ್ತಿದ್ದರು.

ಈಗ ಚಿಕ್ಕಮ್ಮನೂ ಮೇಷ್ಟ್ರೂ ನಿವೃತ್ತರು. ಅಜ್ಜಿ ಹೋಗಿ ಬಹಳ ವರ್ಷಗಳಾದವು. ಚಿಕ್ಕಮ್ಮನ ಮಂಡಿ ಮಾತು ಕೇಳುವುದಿಲ್ಲ. ಅವಳು ನನ್ನ ಮನೆಯಲ್ಲೇ ಇದ್ದಾಳೆ. ಮೊನ್ನೆ ಸಂಜೆ ನನ್ನ ಮಗಳು ಶಾಲೆಯಿಂದ ಬಂದು ಬ್ಯಾಗು ಎಸೆದು, ತಿನ್ನಲು ಏನಿದೆ ಎಂದು ಹುಡುಕುತ್ತಾ, “ಇವತ್ತು ಮುಟ್ಟಿನ ಪಾಠ ಮಾಡಿದ್ರು” ಎಂದಳು.

ಚಿಕ್ಕಮ್ಮನ ಕಿವಿ ನಿಮಿರಿತು. “ಹೌದಾ? ಹುಡುಗರೂ ಇದ್ರಾ? ಹೇಗಿತ್ತು ಪುಟ್ಟಿ?”

“ಏ, ಬೋರು ಚಿಕ್ಕಜ್ಜಿ. ಎಲ್ಲಾ ಗೊತ್ತಿರೋದೇ. ಅರ್ಧ ಕ್ಲಾಸು ಆಕಳಿಸ್ತಿತ್ತು.”

ಚಿಕ್ಕಮ್ಮ ಅವಳನ್ನೇ ನೋಡುತ್ತಾ ಕೂತಳು. ಮುಖವೆಲ್ಲ ಅರಳಿತ್ತು. ಆಮೇಲೆ ಫೋನು ತೆಗೆದುಕೊಂಡು, ಕಿವಿ ಮಂದವಾಗಿರುವ ಮೇಷ್ಟ್ರಿಗೆ ಕೇಳಲೆಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು:

“ಮೇಷ್ಟ್ರೇ, ಬೋರಂತೆ! ನಮ್ಮ ಪಾಠ ಮಕ್ಕಳಿಗೆ ಬೋರಂತೆ!”