ರೇಡಿಯೇಟರಿನೊಳಗಿನ ಅಂಬಲಿ

ಯುದ್ಧದ ಕಾಲದಲ್ಲಿ ನಾನು ಶಿರಗುಪ್ಪಿಯಿಂದ ಹುಬ್ಬಳ್ಳಿಗೆ ಬಸ್ಸು ಓಡಿಸುತ್ತಿದ್ದೆ. ಬಸ್ಸಿನ ಮಾಲಕ ಒಬ್ಬ ಹತ್ತಿ ವ್ಯಾಪಾರಿ. ಎದುರಿಗೆ ‘ಸಾಹುಕಾರ್ರ’ ಎಂದು ಕೈಮುಗಿಯುತ್ತಿದ್ದೆ. ಇಲ್ಲಿ ‘ಅವನು’ ಎಂದೇ ಬರೆಯುತ್ತೇನೆ, ಅವನಿಗೆ ಅಷ್ಟು ಸಾಕು. ಎತ್ತಿನ ಹಲ್ಲು ನೋಡಿ ವಯಸ್ಸು ಹೇಳುತ್ತಿದ್ದ ಅವನು, ಎಂಜಿನ್ನಿನಲ್ಲೂ ತನಗೆ ತಿಳಿಯದ್ದೇನಿಲ್ಲ ಎಂದು ನಂಬಿದ್ದ. ಬಸ್ಸು ಕೆಟ್ಟು ನಿಂತರೆ ಮೊದಲು ಲಿಂಬೆಹಣ್ಣು ಕಟ್ಟಿಸುತ್ತಿದ್ದ, ಆಮೇಲೆ ನನ್ನನ್ನು ಬೈಯುತ್ತಿದ್ದ.

ಒಂದು ಬೇಸಿಗೆಯಲ್ಲಿ ರೇಡಿಯೇಟರು ಸೋರತೊಡಗಿತು. ಹುಬ್ಬಳ್ಳಿಯಲ್ಲಿ ಬೆಸುಗೆ ಹಾಕಿಸಬೇಕೆಂದೆ.

‘ನಾ ನೋಡ್ಕೋತೇನಿ, ನೀ ಸುಮ್ನಿರು,’ ಎಂದ.

ಮರುದಿನ ಬೆಳಿಗ್ಗೆ ಸೋರಿಕೆ ನಿಂತಿತ್ತು. ಬೆಸುಗೆಯವನನ್ನು ಮನೆಗೇ ಕರೆಸಿರಬೇಕು ಎಂದುಕೊಂಡೆ.

ಅದೇ ದಿನ ನನ್ನ ತಂಗಿಗೆ ಹೆರಿಗೆ ನೋವು ಎದ್ದಿತು. ಚೊಚ್ಚಲು. ಕೂಸು ಅಡ್ಡ ತಿರುಗಿದೆ, ಲಗೂ ದೊಡ್ಡ ದವಾಖಾನೆಗೆ ಒಯ್ಯಿರಿ ಎಂದು ಸೂಲಗಿತ್ತಿ ಕೈಚೆಲ್ಲಿದಳು. ತಂಗಿಯನ್ನು ಹಿಂದಿನ ಸೀಟಿನಲ್ಲಿ ಅವ್ವನ ತೊಡೆಯ ಮೇಲೆ ಮಲಗಿಸಿ ಹೊರಟೆ. ಹತ್ತಿ ಪೇಟೆಗೆ ಹೊರಟಿದ್ದ ಅವನು ನನ್ನ ಪಕ್ಕದಲ್ಲಿ ಕುಳಿತಿದ್ದ.

ಅರ್ಧ ದಾರಿಯಲ್ಲಿ ಬಾನೆಟ್ಟಿನಿಂದ ಬುಸುಬುಸು ಹಬೆ ಎದ್ದಿತು. ಬಸ್ಸು ನಿಲ್ಲಿಸಿದೆ.

‘ಬಸುರಿ ಹೆಂಗಸನ್ನ ಹತ್ತಿಸಬ್ಯಾಡ ಅಂತ ಅದಕ್ಕ ಹೇಳಿದ್ದೆ,’ ಎಂದ ಮಹಾಜ್ಞಾನಿ.

ಕೈಗೆ ಗೋಣಿ ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳ ತೆರೆದೆ. ನೀರು ತುಂಬಿಯೇ ಇತ್ತು. ಫ್ಯಾನಿನ ಬೆಲ್ಟು ಬಿಗಿಯಾಗಿತ್ತು. ಮೇಲಿನ ಕೊಳವೆ ಮುಟ್ಟಿದರೆ ಕೈ ಸುಡುತ್ತಿತ್ತು, ಕೆಳಗಿನದು ತಣ್ಣಗಿತ್ತು. ಅಂದರೆ ನೀರು ಕೆಳಗಿಳಿಯುತ್ತಿಲ್ಲ, ನಡುವೆ ಏನೋ ಕಟ್ಟಿಕೊಂಡಿದೆ. ತಳದ ನಲ್ಲಿ ತಿರುಗಿಸಿದರೆ ಹನಿಯೂ ಬರಲಿಲ್ಲ. ತಂತಿ ಹಾಕಿ ಕೆದಕಿದೆ. ಬಿಳಿಯ ಮುದ್ದೆಯೊಂದು ಲೊಳಕ್ಕನೆ ಅಂಗೈಗೆ ಬಿತ್ತು. ಮೂಸಿ ನೋಡಿದೆ. ಜೋಳದ ಅಂಬಲಿ!

‘ಇದರಾಗ ಹಿಟ್ಟು ಯಾರು ಹಾಕ್ಯಾರ್ರಿ?’

‘ನಾನ ಹಾಕೇನಿ. ಕೊಡ ಸೋರಿದ್ರ ನಮ್ಮ ಮನ್ಯಾಗ ಹಿಟ್ಟ ಮೆತ್ತತಾರ. ಸೋರೂದು ನಿಂತೈತಿಲ್ಲೋ?’

ಆ ಮುಖದಲ್ಲಿ ನಾಚಿಕೆ ಇರಲಿಲ್ಲ, ಹೆಮ್ಮೆ ಇತ್ತು. ಇಂಥ ತಲೆಯ ಮೇಲೆ ಅಷ್ಟು ದೊಡ್ಡ ರುಮಾಲು ಯಾಕೆ ಬೇಕು ಎಂದು ನನಗೆ ಇಂದಿಗೂ ತಿಳಿದಿಲ್ಲ.

ಕೆಳಗಿನ ಕೊಳವೆ ಬಿಚ್ಚಿ, ಹೊಲದ ಬಾವಿಯಿಂದ ನೀರು ಹೊತ್ತು ತಂದು ತೊಳೆದೆ. ತೊಳೆದಷ್ಟೂ ಅಂಬಲಿ ಬರುತ್ತಿತ್ತು. ಅವನು ಜಾಲಿಮರದ ನೆರಳಿನಲ್ಲಿ ಎಲೆಅಡಿಕೆ ಜಗಿಯುತ್ತ, ಹೇಗೆ ತೊಳೆಯಬೇಕೆಂದು ಅಲ್ಲಿಂದಲೇ ಕಲಿಸಿಕೊಡುತ್ತಿದ್ದ. ದಾರಿಯಲ್ಲಿ ಒಂದು ಚಕ್ಕಡಿಯೂ ಸುಳಿಯಲಿಲ್ಲ. ಬಸ್ಸಿನೊಳಗೆ ಚೀರುತ್ತಿದ್ದ ತಂಗಿ ಚೀರುವುದನ್ನು ನಿಲ್ಲಿಸಿದಳು. ಆಗ ನನಗೆ ನಿಜವಾದ ಹೆದರಿಕೆ ಹತ್ತಿತು.

ದವಾಖಾನೆ ಮುಟ್ಟಿದಾಗ ಸಂಜೆಯಾಗಿತ್ತು. ತಂಗಿ ಉಳಿದಳು, ಕೂಸು ಉಳಿಯಲಿಲ್ಲ. ಇನ್ನಷ್ಟು ಬೇಗ ಬರಬೇಕಿತ್ತು ಎಂದರು ಡಾಕ್ಟರು.

ಅವಳು ಮನೆಗೆ ಮರಳಿದ ಮೇಲೆ ಅವನು ಮಾತಾಡಿಸಲು ಬಂದ. ಹಣೆ ತುಂಬ ವಿಭೂತಿ, ಮಡಿ ಧೋತರ. ಅವ್ವ ಕಂಬಳಿ ಹಾಸಿ ಕೂರಿಸಿದಳು. ಅದನ್ನೂ ನಾನು ನೋಡಬೇಕಾಯಿತು. ನಿಟ್ಟುಸಿರು ಬಿಟ್ಟು ಅವನು ಶುರು ಮಾಡಿದ:

‘ಎಲ್ಲಾ ಶಿವನ ಇಚ್ಛಾ, ತಂಗೀ.’

ಗೋಡೆಗೆ ಒರಗಿದ್ದ ತಂಗಿ ಅವನ ಕಡೆ ನೋಡಿದಳು.

‘ಹಿಟ್ಟು ಶಿವ ಹಾಕಿದ್ನೇನ್ರಿ, ಸಾಹುಕಾರ್ರ?’