ವೆಲ್ಡಾ ಬೇಡವೆಂದ ವೇಗ

ನಮ್ಮೂರ ಗಂಡಸರನ್ನು ಬೈಯಲು ನನಗೆ ಕಾರಣ ಹುಡುಕಬೇಕಾಗಿಲ್ಲ. 1966ರ ಜೂನ್ ತಿಂಗಳಲ್ಲಿ ಅವರು ಮಾಡಿದ್ದೊಂದೇ ಸಾಕು, ನಾನು ಸಾಯುವ ತನಕ ಆಗುತ್ತದೆ.

ವೆಲ್ಡಾ ಹ್ರುಸ್ಕಾ ನಮ್ಮ ಶಾಲೆಯ ಅಡುಗೆಯವಳು. ನಾನು ಡೊರೀನ್, ಅಲ್ಲೇ ಭೂಗೋಳದ ಮೇಷ್ಟ್ರಮ್ಮ. ಇನ್ನೂರು ಮಕ್ಕಳಿಗೆ ಆಲೂಗಡ್ಡೆ ಬೇಯಿಸಿ ಬಡಿಸಿ, ಎರಡು ಗಂಟೆಗೆ ಏಪ್ರನ್ ಬಿಚ್ಚಿ, ವೆಲ್ಡಾ ನೆಟ್ಟಗೆ ಊರಾಚೆಯ ಹುಲ್ಲು ರನ್‌ವೇಗೆ ಹೋಗುತ್ತಿದ್ದಳು. ನಲವತ್ತಾರು ವಯಸ್ಸು, ಗಿಡ್ಡ ಆಳು. ಪೆಡಲಿಗೆ ಕಾಲು ಎಟುಕಲೆಂದು ಬೆನ್ನಿಗೆ ದಿಂಬು ಇಟ್ಟುಕೊಂಡು ಹಾರಿಸುವಳು. ಅಲ್ಲಿ ನಿಂತಿದ್ದ ನಾಲ್ಕು ಸೀಟಿನ ಹಳೇ ವಿಮಾನ ಅವಳದು, ಹನ್ನೆರಡು ವರ್ಷದ ಅವಳ ದುಡಿಮೆಯದು. ಅವಳ ಗಂಡ ಎಮಿಲ್‌ಗೆ ಟ್ರ್ಯಾಕ್ಟರ್ ಅಂಗಡಿ. ಅವಳು ಕೊಂಡ ಮರುವರ್ಷವೇ ಅವನು ಅದೇ ಮಾದರಿಯ, ಆದರೆ ಅವಳದಕ್ಕಿಂತ ಒಂದು ವರ್ಷ ಹೊಸದಾದ ವಿಮಾನವನ್ನು ತಂದು ಪಕ್ಕದಲ್ಲಿ ನಿಲ್ಲಿಸಿದ. ಹೆಂಡತಿಯದೊಂದೇ ಅಲ್ಲಿ ನಿಂತಿದ್ದರೆ ಗಂಡಸಿನ ಮೂಗು ಕುಯ್ದಂತೆ ಅಲ್ಲವೇ?

ಆ ವರ್ಷ ಕ್ಯಾಲಿಫೋರ್ನಿಯಾದಿಂದ ಫ್ಲಾರಿಡಾದವರೆಗೆ ಹೆಂಗಸರ ವಿಮಾನ ಪಂದ್ಯ. ಓಡಿಸುವವಳು ವೆಲ್ಡಾ, ನಕ್ಷೆ ಹಿಡಿದು ದಾರಿ ಹೇಳುವವಳು ನಾನು. ಯಾರು ಮೊದಲು ಮುಟ್ಟಿದರು ಅನ್ನುವುದು ಅಲ್ಲಿ ಲೆಕ್ಕಕ್ಕಿಲ್ಲ. ಪ್ರತಿ ಮಾದರಿಗೂ ಪಂದ್ಯದವರು ಒಂದು ವೇಗ ಗೊತ್ತುಮಾಡಿರುತ್ತಾರೆ. ಆ ವೇಗವನ್ನು ನೀವು ಎಷ್ಟು ಮೀರಿಸಿದಿರಿ ಎನ್ನುವುದೇ ಪಂದ್ಯ. ವಿಮಾನ ಕಾರ್ಖಾನೆಯಿಂದ ಬಂದ ಹಾಗೇ ಇರಬೇಕು. ಉಳಿದದ್ದು ಗಾಳಿ ಯಾವ ಎತ್ತರದಲ್ಲಿ ಯಾವ ಕಡೆ ಬೀಸುತ್ತಿದೆ ಎಂದು ಓದುವ ಬುದ್ಧಿ. ಆ ಬುದ್ಧಿಗಾಗಿ ಮೂರು ಚಳಿಗಾಲ ಅವಳ ಅಡುಗೆಮನೆ ಮೇಜಿನ ಮೇಲೆ ನಕ್ಷೆ ಹರಡಿಕೊಂಡು ಕೂತಿದ್ದೇವೆ. ಅವಳು ಹಿಟ್ಟಿನ ಚೀಲ ಕತ್ತರಿಸಿ ಅದರ ಮೇಲೇ ಬರೆದಿಡುತ್ತಿದ್ದಳು.

ಹೊರಡಲು ಒಂಬತ್ತು ದಿನ ಇತ್ತು. ಭಾನುವಾರ ಚರ್ಚಿನಿಂದ ಬಂದವರೇ ಅಭ್ಯಾಸಕ್ಕೆ ಹಾರಿದೆವು. ಏಳುವಾಗಲೇ ವೆಲ್ಡಾ ಹುಬ್ಬು ಗಂಟಿಕ್ಕಿದಳು. "ಯಾಕೋ ಮೇಲೇಳಕ್ಕೆ ಮೈಗಳ್ಳತನ ಮಾಡ್ತಿದೆ ಕಣೇ" ಅಂದಳು. ನಮ್ಮೂರ ಗೋಧಿ ತುಂಬಿಡುವ ಗೋಪುರದಿಂದ ಪಕ್ಕದೂರಿನ ಗೋಪುರಕ್ಕೆ ಹದಿನೆಂಟು ಮೈಲಿ. ಹೋಗಿ ಬಂದು ಸರಾಸರಿ ತೆಗೆದರೆ ಒಂದು ಸಲಕ್ಕೆ ಒಂಬತ್ತು ನಿಮಿಷ, ಮೂರು ವರ್ಷದಿಂದ ಅಷ್ಟೇ. ಅವತ್ತು ಹದಿನೆಂಟು ಸೆಕೆಂಡು ಕಡಿಮೆ ಬಂತು. ಗಂಟೆಗೆ ನಾಲ್ಕು ಮೈಲಿ ಜಾಸ್ತಿ! ನಾನು ಪೆದ್ದಿ, ಚಪ್ಪಾಳೆ ತಟ್ಟಿದೆ.

"ಬಾಯ್ಮುಚ್ಚು" ಅಂದಳು ವೆಲ್ಡಾ. "ಇದು ನನ್ನ ವಿಮಾನ ಅಲ್ಲ."

ಇಳಿದು ಶೆಡ್ಡಿಗೆ ಹೋದರೆ ಎಮಿಲ್, ಮೆಕ್ಯಾನಿಕ್ ನಾರ್ಬರ್ಟ್, ನಮ್ಮೂರ ವಿಮಾನ ಕ್ಲಬ್ಬಿನ ಇನ್ನಿಬ್ಬರು ಸಾಲಾಗಿ ಕೂತು, ಬೆಳಿಗ್ಗೆ ವೆಲ್ಡಾ ಮಾಡಿಟ್ಟ, ಗಸಗಸೆ ತುಂಬಿದ ಕೊಲಾಚೆ ಬನ್ನುಗಳನ್ನೇ ಮೆಲ್ಲುತ್ತಿದ್ದರು. ಮುಖದಲ್ಲಿ ಮುಸಿಮುಸಿ ನಗು.

"ಹೆಂಗಿದೆ ಚಿನ್ನಾ, ಕುದುರೆ?" ಅಂದ ಎಮಿಲ್.

"ಏನ್ ಮಾಡಿದ್ದೀಯ ನನ್ನ ವಿಮಾನಕ್ಕೆ?"

"ಉಡುಗೊರೆ! ಪ್ರೊಪೆಲ್ಲರ್ ಬದಲಾಯ್ಸಿದ್ವಿ. ಅಲಗು ಒಂಚೂರು ಜಾಸ್ತಿ ತಿರುಚಿರೋದು, ಮೇಲೇಳಕ್ಕೆ ನಿಧಾನ, ಎದ್ದ ಮೇಲೆ ಜೋರು. ಅದೇ ಕಂಪನಿ, ಅದೇ ಬಣ್ಣ. ಯಾವ ತಪಾಸಣೆಯವನ ಅಪ್ಪನಿಗೂ ಗೊತ್ತಾಗಲ್ಲ."

ನನ್ನ ಮೈ ಉರಿದುಹೋಯಿತು. ಹಿಂದಿನ ದಿನ ಅವಳು ಚರ್ಚಿನ ಊಟಕ್ಕೆ ಬೇಯಿಸುತ್ತಿದ್ದಾಗ ಈ ನಾಲ್ಕು ಜನ ಕಳ್ಳರ ಹಾಗೆ ಮಾಡಿದ ಕೆಲಸ! ಒಂದು ವಾರದಿಂದ ಊರಿಗೆಲ್ಲ ಈ ಹೂಟ ಗೊತ್ತಿತ್ತಂತೆ, ನಮ್ಮಿಬ್ಬರಿಗೆ ಮಾತ್ರ ಗೊತ್ತಿರಲಿಲ್ಲ.

"ನನ್ನ ಹಳೇದು ಎಲ್ಲಿ?" ವೆಲ್ಡಾಳ ದನಿ ಏರಲಿಲ್ಲ.

ನಾರ್ಬರ್ಟ್ ತಲೆ ಕೆರೆದುಕೊಂಡು ಮೂಲೆ ತೋರಿಸಿದ. ಹಳೆಯ ಪ್ರೊಪೆಲ್ಲರಿನ ನಡುವೆ ತೂತು ಹಾಕಿ ಗಡಿಯಾರ ಕೂರಿಸಿದ್ದರು, ಅವಳು ಗೆದ್ದು ಬಂದಾಗ ಕ್ಲಬ್ಬಿನ ಗೋಡೆಗೆ ನೇತುಹಾಕಲಂತೆ. ಗೆಲ್ಲುವ ಮೊದಲೇ ಗೋಡೆಗೆ ಮೊಳೆ ಹೊಡೆದ ಶೂರರು! ತೂತು ಬಿದ್ದ ಪ್ರೊಪೆಲ್ಲರ್ ಮತ್ತೆ ಹಾರುವುದಿಲ್ಲ. ಸರಿಯಾದ ಹೊಸದು ಕಾರ್ಖಾನೆಯಿಂದ ಬರಬೇಕೆಂದರೆ ಒಂದು ತಿಂಗಳು.

"ಮೂರು ವರ್ಷ ಕಣ್ರೋ! ನಿಮ್ಮ ತಲೇಲಿ ಮೆದುಳಿದ್ಯೋ ಗೋಧಿ ಹೊಟ್ಟಿದ್ಯೋ?" ಎಂದು ನಾನು ಕೂಗಾಡಿದೆ.

"ನೀನ್ಯಾಕೆ ಕುಣೀತೀಯ ಮೇಷ್ಟ್ರಮ್ಮಾ? ಎಲ್ಲಾರೂ ಮಾಡ್ತಾರೆ ಇದನ್ನ" ಎಂದ ನಾರ್ಬರ್ಟ್.

"ಎಲ್ಲಾರೂ ಮಾಡ್ತಾರಾ? ಹಂಗಾದ್ರೆ ವಿಮಾನದ ರಿಪೇರಿ ಬರೆದಿಡೋ ಲಾಗ್ ಪುಸ್ತಕದಲ್ಲಿ ಯಾಕೆ ಬರೆದಿಲ್ಲ? ಬರೆದು ಸಹಿ ಹಾಕು, ನೋಡೋಣ" ಅಂದಳು ವೆಲ್ಡಾ. ನಾರ್ಬರ್ಟ್ ಬಾಯಲ್ಲಿದ್ದ ಕೊಲಾಚೆ ಅಲ್ಲೇ ನಿಂತಿತು. ನಿಯಮಕ್ಕೆ ಒಗ್ಗದ ಪ್ರೊಪೆಲ್ಲರ್ ಹಾಕಿದೆ ಎಂದು ಬರೆದರೆ ಅವನ ಲೈಸೆನ್ಸ್ ಹೋಗುತ್ತದೆ.

ವೆಲ್ಡಾ ಗೋಡೆಯಿಂದ ದೊಡ್ಡ ಸ್ಪ್ಯಾನರ್ ಎತ್ತಿಕೊಂಡು ಹೊರಟಳು, ತನ್ನ ವಿಮಾನದ ಹತ್ತಿರಕ್ಕಲ್ಲ, ಎಮಿಲ್‌ನದರ ಹತ್ತಿರ. ಅದೇ ಮಾದರಿ, ಅದೇ ಅಳತೆ, ಕಾರ್ಖಾನೆಯಿಂದ ಬಂದ ಹಾಗೇ ಇದ್ದ ಪ್ರೊಪೆಲ್ಲರ್. ಬೋಲ್ಟಿಗೆ ಸ್ಪ್ಯಾನರ್ ಹಾಕಿದಳು.

"ಏಯ್, ನಿಲ್ಲು! ನಾವು ನಾಲ್ಕು ಜನ ಅದ್ರಲ್ಲೇ ಫ್ಲಾರಿಡಾಕ್ಕೆ ಬರ್ಬೇಕಲ್ಲ, ನೀನು ಇಳಿಯೋದು ನೋಡಕ್ಕೆ!" ಎಂದು ಕೂಗಿದ ಎಮಿಲ್.

"ನಡ್ಕೊಂಡ್ ಬನ್ನಿ."

"ಅಲ್ಲ ವೆಲ್ಡಾ, ನಿನ್ ಒಳ್ಳೇದಕ್ಕೇ ತಾನೇ ಮಾಡಿದ್ದು?" ಎಮಿಲ್ ಅವಳ ಹಿಂದೆ ಹಿಂದೆಯೇ ಬಂದ. "ಅದಿಲ್ದೆ ನೀನು ಗೆಲ್ಲಲ್ಲ. ಐವತ್ತಮೂರು ವಿಮಾನ ಬರ್ತಿವೆ. ಊರವರ ಮುಂದೆ ನಿನ್ ಮಾನ ಉಳೀಲಿ ಅಂತ..."

ವೆಲ್ಡಾಳ ಕೈ ನಿಂತಿತು.

"ನನ್ ಕೈಲಾಗಲ್ಲ ಅಂತ ಯಾವಾಗಿಂದ ಗೊತ್ತಿತ್ತು ನಿಂಗೆ?"

ಎಮಿಲ್ ನೆಲ ನೋಡಿದ. ಅವನು ಸುಳ್ಳು ಹೇಳುವ ಗಂಡಸಲ್ಲ, ಅದೊಂದು ಗುಣವನ್ನು ಒಪ್ಪಿಕೊಳ್ಳಬೇಕು.

"ಮೊದಲಿಂದ್ಲೂ" ಅಂದ.

ಮೂರು ಚಳಿಗಾಲ ನಮ್ಮ ಮುಂದೆ ಕಾಫಿ ಇಟ್ಟು, ಬೆನ್ನು ತಟ್ಟಿ ಹೋಗುತ್ತಿದ್ದ ಮನುಷ್ಯ ಅವನು. ಆ ಸ್ಪ್ಯಾನರ್ ಕಿತ್ತುಕೊಂಡು ಅವನ ತಲೆಗೇ ಹಾಕಬೇಕು ಅನ್ನಿಸಿತು ನನಗೆ. ವೆಲ್ಡಾ ಮುಂದಿನ ಬೋಲ್ಟಿಗೆ ಸರಿದಳು. ಬಿಚ್ಚಿ ಮುಗಿದ ಮೇಲೆ ನಾರ್ಬರ್ಟ್‌ನ ಕೈಯಲ್ಲೇ ಅದನ್ನು ತನ್ನ ವಿಮಾನಕ್ಕೆ ಕೂರಿಸಿ, ಒಂದೊಂದು ಬೋಲ್ಟಿನ ಬಿಗಿಯನ್ನೂ ತಾನೇ ನೋಡಿ, ಲಾಗ್ ಪುಸ್ತಕದಲ್ಲಿ ಬರೆಸಿ ಸಹಿ ಹಾಕಿಸಿಕೊಂಡಳು. ಮಾರನೆಯ ಸಂಜೆ ಗೋಪುರದಿಂದ ಗೋಪುರಕ್ಕೆ ಮತ್ತೆ ಒಂಬತ್ತು ನಿಮಿಷ ಬಂತು.

ಐವತ್ತಮೂರರಲ್ಲಿ ನಾವು ಹದಿನಾಲ್ಕನೆಯವರು. ಫ್ಲಾರಿಡಾದಲ್ಲಿ ಇಳಿದಾಗ ಬೇರೆಯವರ ಗಂಡಂದಿರು ಹೂವು ಹಿಡಿದು ನಿಂತಿದ್ದರು. ಗಂಡ ಬಾರದಿದ್ದ ಹೆಂಗಸರು ಫೋನಿನ ಮುಂದೆ ಸಾಲು ಕಟ್ಟಿದ್ದರು. ನಾನೂ ಸಾಲಿನಲ್ಲಿ ಜಾಗ ಹಿಡಿದು ಕೂಗಿದೆ: "ಬಾರೇ, ಎಮಿಲ್‌ಗೆ ಹೇಳಲ್ವಾ?"

ವೆಲ್ಡಾ ಬೆನ್ನಿನ ದಿಂಬನ್ನು ಕಂಕುಳಲ್ಲಿಟ್ಟುಕೊಂಡು ನನ್ನನ್ನು ದಾಟಿ ಹೋದಳು.

"ಅವ್ನಿಗೇನ್ ಹೇಳೋದು? ಅವ್ನಿಗೆ ಮೊದಲಿಂದ್ಲೂ ಗೊತ್ತಿತ್ತಲ್ಲ."